ಕಂಟ್ರೋಲ್-ಸಿ ಒತ್ತಿದರೂ ನಿಲ್ಲದ ಚೈಲ್ಡ್ ಪ್ರೊಸೆಸ್: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಈ ದೋಷ ನಾನಾ ವೇಷದಲ್ಲಿ ಬರುತ್ತದೆ. ಸ್ಕ್ರಿಪ್ಟ್ ಓಡುತ್ತಿರುವಾಗ ಕಂಟ್ರೋಲ್-ಸಿ ಒತ್ತುತ್ತೀರಿ, ಪ್ರಾಂಪ್ಟ್ ವಾಪಸ್ ಬರುತ್ತದೆ, ಆದರೆ ಒಳಗಿನ ಪ್ರೋಗ್ರಾಂ ಸ್ಕ್ರೀನ್ ಮೇಲೆ ಇನ್ನೂ ಸಾಲು ಉಗುಳುತ್ತಲೇ ಇರುತ್ತದೆ. ಅಥವಾ ಸ್ಕ್ರಿಪ್ಟ್‌ಗೆ ಕಿಲ್ ಕಳಿಸಿದರೆ ಸ್ಕ್ರಿಪ್ಟ್ ಹೋಗುತ್ತದೆ, ಅದು ಹುಟ್ಟಿಸಿದ ಪ್ರೊಸೆಸ್ ಅನಾಥವಾಗಿ ಉಳಿಯುತ್ತದೆ. ಅಥವಾ ಟರ್ಮಿನಲ್‌ನಲ್ಲಿ ಚೆನ್ನಾಗಿಯೇ ಓಡುವ ಪೈಪ್‌ಲೈನ್, ಸರ್ವಿಸ್ ಮಾಡಿ ಓಡಿಸಿದ ತಕ್ಷಣ ‘ಬ್ರೋಕನ್ ಪೈಪ್’ ಅಂತ ಲಾಗ್ ತುಂಬಿಸತೊಡಗುತ್ತದೆ.

ಇಂಥ ಹೊತ್ತಲ್ಲಿ ಕೈ ಮೊದಲು ಹೋಗುವುದು ಕಿಲ್ -9 ಕಡೆಗೆ. ದಯವಿಟ್ಟು ತಡೆಯಿರಿ. ಅದರಿಂದ ಪ್ರೊಸೆಸ್ ಹೋಗುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಇನ್ನೊಂದು ಅಭ್ಯಾಸ ಅಂದರೆ ನಿಲ್ಲದ ಪ್ರೋಗ್ರಾಮಿನ ಕೋಡ್ ತೆರೆದು ಸಿಗ್ನಲ್ ಹ್ಯಾಂಡ್ಲರ್ (‘ನಿಲ್ಲು’ ಅನ್ನುವಂಥ ಸಂದೇಶ, ಅಂದರೆ ಸಿಗ್ನಲ್, ಬಂದಾಗ ಓಡುವ ಕೋಡ್) ಹುಡುಕುತ್ತಾ ಕೂರುವುದು. ಅದೂ ಬಹಳ ಸಲ ವ್ಯರ್ಥ. ಜಾಸ್ತಿ ಪ್ರಕರಣಗಳಲ್ಲಿ ಆ ಪ್ರೋಗ್ರಾಂ ಯಾವ ತಪ್ಪೂ ಮಾಡಿರುವುದಿಲ್ಲ. ಅದನ್ನು ಹುಟ್ಟಿಸಿದ ಶೆಲ್, ಸರ್ವಿಸ್ ಮ್ಯಾನೇಜರ್ ಅಥವಾ ರ‍್ಯಾಪರ್ (ಇನ್ನೊಂದು ಪ್ರೋಗ್ರಾಂ ಓಡಿಸಲೆಂದೇ ಬರೆದ ಸ್ಕ್ರಿಪ್ಟ್) ಅದಕ್ಕೆ ಕೊಟ್ಟು ಕಳಿಸಿದ ಬಳುವಳಿಯಲ್ಲಿ ತೊಂದರೆ ಇರುತ್ತದೆ. ಹಾಗಾಗಿ ಮೊದಲು ಬಳುವಳಿ ನೋಡಿ, ಕೋಡ್ ಆಮೇಲೆ.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.)

ಏನೇನು ಬಳುವಳಿಯಾಗಿ ಬರುತ್ತದೆ

ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ಫೋರ್ಕ್ ಆದಾಗ, ಅಂದರೆ ಒಂದು ಪ್ರೊಸೆಸ್ (ಪೇರೆಂಟ್) ತನ್ನದೇ ನಕಲನ್ನು (ಚೈಲ್ಡ್) ಹುಟ್ಟಿಸಿದಾಗ, ಚೈಲ್ಡ್‌ಗೆ ಪೇರೆಂಟ್‌ನ ಎಲ್ಲ ಸಿಗ್ನಲ್ ಸೆಟ್ಟಿಂಗ್‌ಗಳೂ ಹಾಗೇ ನಕಲಾಗುತ್ತವೆ. ಆಮೇಲೆ ಎಕ್ಸೆಕ್ ಆಗಿ ಹೊಸ ಪ್ರೋಗ್ರಾಂ ಬಂದು ಕೂತಾಗ, ಹ್ಯಾಂಡ್ಲರ್ ಇಟ್ಟಿದ್ದ ಸಿಗ್ನಲ್‌ಗಳು ಡಿಫಾಲ್ಟ್‌ಗೆ ಮರಳುತ್ತವೆ. ಮರಳಲೇಬೇಕು, ಯಾಕೆಂದರೆ ಆ ಹ್ಯಾಂಡ್ಲರ್‌ನ ಕೋಡ್ ಹೊಸ ಪ್ರೋಗ್ರಾಮಿನಲ್ಲಿ ಇರುವುದೇ ಇಲ್ಲ. ಆದರೆ ‘ಇಗ್ನೋರ್’ ಅಂತ ಇಟ್ಟ ಸಿಗ್ನಲ್ ಎಕ್ಸೆಕ್ ದಾಟಿಯೂ ಇಗ್ನೋರ್ ಆಗಿಯೇ ಉಳಿಯುತ್ತದೆ. ಬ್ಲಾಕ್ ಮಾಡಿದ ಸಿಗ್ನಲ್‌ಗಳ ಮಾಸ್ಕ್ (ಸದ್ಯಕ್ಕೆ ತಡೆಹಿಡಿದ ಸಿಗ್ನಲ್‌ಗಳ ಪಟ್ಟಿ) ಕೂಡ ಹಾಗೇ ಉಳಿಯುತ್ತದೆ. ಈ ಎರಡೇ, ಇಗ್ನೋರ್ ಮತ್ತು ಬ್ಲಾಕ್, ಸದ್ದಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಾ ಹೋಗುತ್ತವೆ. ಸಿಗ್‌ಕಿಲ್ (ಕಿಲ್ -9 ಕಳಿಸುವುದು) ಮತ್ತು ಸಿಗ್‌ಸ್ಟಾಪ್ ಎರಡನ್ನು ಮಾತ್ರ ಯಾರೂ ಹಿಡಿಯಲು, ಇಗ್ನೋರ್ ಮಾಡಲು, ಬ್ಲಾಕ್ ಮಾಡಲು ಆಗುವುದಿಲ್ಲ.

ಮೊದಲ ತಪಾಸಣೆ

ಸಿಗ್ನಲ್ ವಿಷಯಕ್ಕೆ ಇಳಿಯುವ ಮುಂಚೆ, ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್‌ನಲ್ಲಿ ಸ್ಟ್ಯಾಟ್ ಕಾಲಂ ನೋಡಿ. ಅಲ್ಲಿ ‘ಡಿ’ ಇದ್ದರೆ ಪ್ರೊಸೆಸ್ ಕರ್ನಲ್ ಒಳಗೆ, ಸಾಮಾನ್ಯವಾಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಫೈಲ್‌ಸಿಸ್ಟಂಗೆ ಕಾಯುತ್ತಾ ಸಿಕ್ಕಿಹಾಕಿಕೊಂಡಿದೆ. ಸಿಗ್‌ಕಿಲ್ ಕೂಡ ಅದು ಹೊರಬರುವ ತನಕ ಕಾಯಬೇಕಾಗಬಹುದು. ‘ಝಡ್’ ಇದ್ದರೆ ಅದು ಆಗಲೇ ಸತ್ತಿದೆ, ಪೇರೆಂಟ್ ಇನ್ನೂ ವೈಟ್ (ಚೈಲ್ಡ್ ಮುಗಿಯಲು ಕಾಯುವ ಕರೆ) ಮಾಡಿ ಲೆಕ್ಕ ಚುಕ್ತಾ ಮಾಡಿಲ್ಲ ಅಷ್ಟೇ. ಸತ್ತದ್ದನ್ನು ಮತ್ತೆ ಕೊಲ್ಲಲು ಹೋಗಬೇಡಿ, ಪೇರೆಂಟ್‌ನ ಕಡೆ ನೋಡಿ. ‘ಟಿ’ ಇದ್ದರೆ ಅದು ನಿಂತಿದೆ, ಸಿಗ್‌ಟರ್ಮ್ (ಕಿಲ್ ಮಾಮೂಲಾಗಿ ಕಳಿಸುವ ಸಿಗ್ನಲ್) ಕಳಿಸಿದರೂ ಸಿಗ್‌ಕಾಂಟ್ (‘ಮುಂದುವರಿ’ ಅನ್ನುವ ಸಿಗ್ನಲ್) ಬರುವ ತನಕ ಅದು ಬಾಕಿಯಾಗಿಯೇ ಕೂತಿರುತ್ತದೆ. ಈ ಮೂರೂ ಅಲ್ಲದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಲಿನಕ್ಸ್‌ನಲ್ಲಿ ಪ್ರತಿ ಪ್ರೊಸೆಸ್‌ನ ಸಿಗ್ನಲ್ ಸ್ಥಿತಿ ಪ್ರೋಕ್ ಫೈಲ್‌ಸಿಸ್ಟಂನಲ್ಲಿ ಕಣ್ಣೆದುರೇ ಇರುತ್ತದೆ. ನಿಲ್ಲದ ಪ್ರೊಸೆಸ್‌ನ ಪಿಐಡಿ (ಪ್ರೊಸೆಸ್‌ನ ಗುರುತು ಸಂಖ್ಯೆ) 4312 ಅಂತಿಟ್ಟುಕೊಳ್ಳಿ:

ಗ್ರೆಪ್ ಸಿಗ್ /ಪ್ರೋಕ್/4312/ಸ್ಟೇಟಸ್

ಇದರಲ್ಲಿ ಬ್ಲಾಕ್ ಆದವು, ಇಗ್ನೋರ್ ಆದವು, ಹ್ಯಾಂಡ್ಲರ್ ಇರುವವು ಅಂತ ಮೂರು ಮುಖ್ಯ ಸಾಲು ಬರುತ್ತವೆ, ಪ್ರತಿಯೊಂದರಲ್ಲೂ 16 ಅಂಕಿಯ ಹೆಕ್ಸ್ ಸಂಖ್ಯೆ. ಇಗ್ನೋರ್ ಸಾಲು ಹೀಗಿದೆ ಅಂತಿಟ್ಟುಕೊಳ್ಳಿ:

0000000000000006

ಓದುವುದು ಕಷ್ಟವಲ್ಲ. ಬಲದ ತುದಿಯಿಂದ ಶುರು ಮಾಡಿ. ಒಂದೊಂದು ಅಂಕಿಯೂ ನಾಲ್ಕು ಸಿಗ್ನಲ್‌ಗಳ ಲೆಕ್ಕ. ಬಲತುದಿಯ ಅಂಕಿ 1ರಿಂದ 4ನೇ ಸಿಗ್ನಲ್, ಅದರ ಎಡಕ್ಕಿರುವುದು 5ರಿಂದ 8, ಆಮೇಲೆ 9ರಿಂದ 12, ಹೀಗೆ. ಪ್ರತಿ ನಾಲ್ಕರ ಗುಂಪಿನಲ್ಲಿ ಬೆಲೆಗಳು 1, 2, 4, 8. ನಮಗೆ ಸಿಕ್ಕಿದ್ದು 6, ಅಂದರೆ 2 ಕೂಡಿಸು 4, ಅಂದರೆ ಎರಡನೇ ಮತ್ತು ಮೂರನೇ ಸಿಗ್ನಲ್. ಎರಡನೆಯದು ಸಿಗ್‌ಇಂಟ್, ಮೂರನೆಯದು ಸಿಗ್‌ಕ್ವಿಟ್. ಕಂಟ್ರೋಲ್-ಸಿ ಯಾಕೆ ನಾಟುತ್ತಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತು, ಒಂದು ಸಾಲು ಕೋಡ್ ಓದದೆ.

ಇನ್ನು ಕೆಲವು ಸಂಖ್ಯೆಗಳು ಪದೇಪದೇ ಎದುರಾಗುತ್ತವೆ, ಮುಖ ಪರಿಚಯ ಮಾಡಿಕೊಂಡಿರಿ. ಕೊನೆಯಲ್ಲಿ ಸುಮ್ನೆ 1 ಇದ್ದರೆ ಸಿಗ್‌ಹಪ್, ಮೇಲೆಲ್ಲೋ ನೋಹಪ್ (ಟರ್ಮಿನಲ್ ಮುಚ್ಚಿದರೂ ಕೆಲಸ ಉಳಿಸುವ ಕಮಾಂಡ್) ಇದೆ. 1000 ಇದ್ದರೆ 13ನೇ ಸಿಗ್ನಲ್, ಸಿಗ್‌ಪೈಪ್. 4000 ಇದ್ದರೆ 15, ಸಿಗ್‌ಟರ್ಮ್. 10000 ಇದ್ದರೆ ಇಂಟೆಲ್ ಮಾದರಿ ಮತ್ತು ಆರ್ಮ್ ಲಿನಕ್ಸ್‌ಗಳಲ್ಲಿ 17, ಸಿಗ್‌ಚೈಲ್ಡ್. ಇವನ್ನೇ ಪಿಎಸ್‌ನಲ್ಲೂ ಇಗ್ನೋರ್ಡ್, ಬ್ಲಾಕ್ಡ್, ಕಾಟ್ ಅನ್ನುವ ಕಾಲಂಗಳಾಗಿ ಕೇಳಬಹುದು.

ಈಗ ವಂಶಾವಳಿ ಹಿಡಿದು ಮೇಲಕ್ಕೆ ಹತ್ತಿ. ಪೇರೆಂಟ್‌ನ ಪಿಐಡಿ ತೆಗೆದು ಅದರ ಇಗ್ನೋರ್ ಸಾಲು ನೋಡಿ, ಅಲ್ಲೂ ಅದೇ ಬಿಟ್ ಇದ್ದರೆ ಅದರ ಪೇರೆಂಟ್, ಹೀಗೆ ಬಿಟ್ ಕಾಣೆಯಾಗುವ ತನಕ. ಬಿಟ್ ಎಲ್ಲಿ ಮೊದಲು ಕಾಣಿಸಿತೋ ದೋಷದ ಬೇರು ಅಲ್ಲಿದೆ. ಒಂದೇ ಎಚ್ಚರಿಕೆ: ಹತ್ತುತ್ತಾ ಹತ್ತುತ್ತಾ ನೀವು ಕೂತಿರುವ ಇಂಟರಾಕ್ಟಿವ್ ಬ್ಯಾಷ್ ತಲುಪಿದರೆ ಅಲ್ಲಿ 384004 ಕಾಣಿಸುತ್ತದೆ. ಅದರಲ್ಲಿ ಸಿಗ್‌ಕ್ವಿಟ್ ಇದೆ, ಸಿಗ್‌ಟರ್ಮ್ ಇದೆ, ಟರ್ಮಿನಲ್ ನಿಲ್ಲಿಸುವ ಮೂರು ಸಿಗ್ನಲ್ ಇವೆ. ಗಾಬರಿ ಬೇಡ. ಬ್ಯಾಷ್ ತನ್ನ ರಕ್ಷಣೆಗೆ ಇವನ್ನು ಇಗ್ನೋರ್ ಮಾಡಿಕೊಂಡಿರುತ್ತದೆ, ಚೈಲ್ಡ್ ಹುಟ್ಟಿಸುವಾಗ ಮೊದಲಿನ ಸ್ಥಿತಿಗೆ ತಂದೇ ಕಳಿಸುತ್ತದೆ.

ಪೇರೆಂಟ್‌ನಲ್ಲಿ ಇಲ್ಲ, ಚೈಲ್ಡ್‌ನಲ್ಲಿ ಇದೆ

ಮೇಲಿನ 6 ಚೈಲ್ಡ್‌ನಲ್ಲಿದ್ದು, ಅದರ ಪೇರೆಂಟ್ ಶೆಲ್‌ನಲ್ಲಿ 0 ಇದ್ದರೆ ಸ್ಕ್ರಿಪ್ಟ್ ತೆರೆದು ಸಾಲಿನ ಕೊನೆಯಲ್ಲಿ & ಹುಡುಕಿ. ಸಿಕ್ಕೇ ಸಿಗುತ್ತದೆ. ಜಾಬ್ ಕಂಟ್ರೋಲ್ (ಕೆಲಸಗಳನ್ನು ಮುನ್ನೆಲೆಗೆ, ಹಿನ್ನೆಲೆಗೆ ಬದಲಿಸುವ ಸೌಲಭ್ಯ) ಇಲ್ಲದ ಶೆಲ್‌ನಲ್ಲಿ, ಅಂದರೆ ಮಾಮೂಲಿ ಸ್ಕ್ರಿಪ್ಟ್‌ನಲ್ಲಿ, & ಹಾಕಿ ಹಿನ್ನೆಲೆಗೆ ಬಿಟ್ಟ ಕಮಾಂಡ್‌ಗೆ ಶೆಲ್ ತಾನೇ ಸಿಗ್‌ಇಂಟ್ ಮತ್ತು ಸಿಗ್‌ಕ್ವಿಟ್ ಎರಡನ್ನೂ ಇಗ್ನೋರ್ ಮಾಡಿ ಓಡಿಸುತ್ತದೆ. ಇದು ಬಗ್ ಅಲ್ಲ, ಪೋಸಿಕ್ಸ್ (ಯುನಿಕ್ಸ್ ಥರದ ವ್ಯವಸ್ಥೆಗಳ ಮಾನದಂಡ) ನಿಯಮ. ಜಾಬ್ ಕಂಟ್ರೋಲ್ ಹುಟ್ಟುವ ಮುಂಚೆ ಮುನ್ನೆಲೆಯ ಕೆಲಸಕ್ಕೆ ಒತ್ತಿದ ಕಂಟ್ರೋಲ್-ಸಿ ಹಿನ್ನೆಲೆಯ ಕೆಲಸವನ್ನೂ ಕೊಂದುಬಿಡುತ್ತಿತ್ತು, ಅದನ್ನು ತಡೆಯಲು ಮಾಡಿದ ಏರ್ಪಾಡು.

ನೀವೇ ಖಾತ್ರಿ ಮಾಡಿಕೊಳ್ಳಬೇಕಾದರೆ ಈ ಮೂರು ಸಾಲನ್ನು ಒಂದು ಫೈಲ್‌ಗೆ ಹಾಕಿ ಓಡಿಸಿ:

ಸ್ಲೀಪ್ 300 &
ಸ್ಲೀಪ್ 1
ಗ್ರೆಪ್ ಸಿಗ್ /ಪ್ರೋಕ್/$!/ಸ್ಟೇಟಸ್

ಇದೇ ಮೂರು ಸಾಲನ್ನು ಪ್ರಾಂಪ್ಟ್‌ನಲ್ಲಿ ನೇರ ಟೈಪ್ ಮಾಡಿದರೆ 6 ಬರುವುದಿಲ್ಲ, ಅಲ್ಲಿ ಜಾಬ್ ಕಂಟ್ರೋಲ್ ಇದೆ. ‘ಟರ್ಮಿನಲ್‌ನಲ್ಲಿ ಸರಿ ಇದೆ, ಸ್ಕ್ರಿಪ್ಟ್‌ನಲ್ಲಿ ಕೆಡುತ್ತದೆ’ ಅನ್ನುವ ದೂರಿಗೆ ಅರ್ಧ ಕಾರಣ ಇದೇ.

ಪೈಥಾನ್ ಬರೆಯುವವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣಿಸುತ್ತದೆ. ಪೈಥಾನ್ ಶುರುವಾಗುವಾಗ ಸಿಗ್‌ಇಂಟ್ ಡಿಫಾಲ್ಟ್ ಸ್ಥಿತಿಯಲ್ಲಿ ಇದ್ದರೆ ಮಾತ್ರ ತನ್ನ ಹ್ಯಾಂಡ್ಲರ್ ಕೂರಿಸುತ್ತದೆ. ಇಗ್ನೋರ್ ಆಗಿ ಬಂದಿದ್ದರೆ ಮುಟ್ಟುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್‌ನಿಂದ & ಹಾಕಿ ಬಿಟ್ಟ ಪೈಥಾನ್ ಪ್ರೋಗ್ರಾಂಗೆ ಕಿಲ್ -ಇಂಟ್ ಎಷ್ಟು ಕಳಿಸಿದರೂ ಕೀಬೋರ್ಡ್‌ಇಂಟರಪ್ಟ್ ಬರುವುದೇ ಇಲ್ಲ. ಪೈಥಾನ್ ಇಲ್ಲಿ ಸರಿಯಾಗಿಯೇ ನಡೆದುಕೊಂಡಿದೆ. ಹಳೆಯ ಯುನಿಕ್ಸ್ ಪದ್ಧತಿಯೇ ಅದು: ಹ್ಯಾಂಡ್ಲರ್ ಕೂರಿಸುವ ಮುಂಚೆ ಈ ಸಿಗ್ನಲ್ ಮೊದಲೇ ಇಗ್ನೋರ್ ಆಗಿದೆಯಾ ನೋಡು, ಆಗಿದ್ದರೆ ಬಿಟ್ಟುಬಿಡು.

ಪರಿಹಾರ? ಮೊದಲು ಹೊಳೆಯುವುದು ಒಳಗಿನ ಸ್ಕ್ರಿಪ್ಟ್‌ನಲ್ಲಿ ‘ಟ್ರ್ಯಾಪ್ - ಇಂಟ್’ ಹಾಕಿ (ಸಿಗ್ನಲ್ ಬಂದರೆ ಏನಾಗಬೇಕು ಅಂತ ಶೆಲ್‌ಗೆ ಹೇಳುವ ಕಮಾಂಡ್ ಟ್ರ್ಯಾಪ್) ಡಿಫಾಲ್ಟ್‌ಗೆ ತರೋಣ ಅನ್ನುವುದು. ಕೆಲಸ ಮಾಡುವುದಿಲ್ಲ. ಇಂಟರಾಕ್ಟಿವ್ ಅಲ್ಲದ ಶೆಲ್ ಶುರುವಾಗುವಾಗಲೇ ಇಗ್ನೋರ್ ಆಗಿ ಬಂದ ಸಿಗ್ನಲ್ ಅನ್ನು ಆ ಶೆಲ್‌ನಿಂದ ಟ್ರ್ಯಾಪ್ ಮಾಡಲೂ ಆಗದು, ರೀಸೆಟ್ ಮಾಡಲೂ ಆಗದು. ಇದೂ ಪೋಸಿಕ್ಸ್ ನಿಯಮವೇ. ಬ್ಯಾಷ್ ಎರರ್ ಕೂಡ ಕೊಡುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಎಷ್ಟೋ ಜನರ ಗಂಟೆಗಟ್ಟಲೆ ಸಮಯ ಹಾಳಾಗುವುದು ಈ ಮೌನದಿಂದಲೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಶೆಲ್‌ನ ಹೊರಗಿನ ಒಂದು ಪ್ರೋಗ್ರಾಂ ನಡುವೆ ನಿಂತು ಈ ಕೆಲಸ ಮಾಡಿಕೊಡಬೇಕು. ಗ್ನೂ ಕೋರ್‌ಯುಟಿಲ್ಸ್‌ನ ಎನ್ವ್ ಅದಕ್ಕೆ ಹೇಳಿ ಮಾಡಿಸಿದ್ದು. 2019ರಲ್ಲಿ ಬಂದ 8.31 ಆವೃತ್ತಿಯಿಂದ ಅದಕ್ಕೆ ಸಿಗ್ನಲ್ ಆಯ್ಕೆಗಳು ಸೇರಿವೆ:

ಎನ್ವ್ --ಡಿಫಾಲ್ಟ್-ಸಿಗ್ನಲ್=ಇಂಟ್,ಕ್ವಿಟ್ ./ಕೆಲಸ &

ಎನ್ವ್ ಸಿಗ್ನಲ್‌ಗಳನ್ನು ಡಿಫಾಲ್ಟ್‌ಗೆ ತಂದು, ಬ್ಲಾಕ್ ಆಗಿದ್ದರೆ ಅದನ್ನೂ ಬಿಡಿಸಿ, ಆಮೇಲೆ ನೇರ ಎಕ್ಸೆಕ್ ಮಾಡುತ್ತದೆ. ನಡುವೆ ಹೊಸ ಪ್ರೊಸೆಸ್ ಹುಟ್ಟುವುದಿಲ್ಲ, ಹಾಗಾಗಿ $! ಕೊಡುವ ಪಿಐಡಿ ನಿಮ್ಮ ಪ್ರೋಗ್ರಾಮಿನದೇ. ಇದರ ಜೊತೆಗೆ --ಲಿಸ್ಟ್-ಸಿಗ್ನಲ್-ಹ್ಯಾಂಡ್ಲಿಂಗ್ ಹಾಕಿದರೆ ಡಿಫಾಲ್ಟ್ ಅಲ್ಲದ ಸಿಗ್ನಲ್‌ಗಳ ಪಟ್ಟಿಯನ್ನು ಹೆಸರು, ಸಂಖ್ಯೆ, ಇಗ್ನೋರ್ ಅಥವಾ ಬ್ಲಾಕ್ ಅಂತ ಬಿಡಿಸಿ ಎರರ್ ಔಟ್‌ಪುಟ್‌ಗೆ ಬರೆಯುತ್ತದೆ. ಹೆಕ್ಸ್ ಬಿಡಿಸುವುದು ಬೇಸರ ಅನ್ನುವವರು ಅನುಮಾನ ಇರುವ ಜಾಗದಲ್ಲಿ ಇದನ್ನೇ ಸೇರಿಸಿ ಒಮ್ಮೆ ಓಡಿಸಿ ನೋಡಬಹುದು. ಮ್ಯಾಕ್‌ನ ಎನ್ವ್‌ನಲ್ಲಿ ಈ ಆಯ್ಕೆಗಳಿಲ್ಲ. ಅಲ್ಲಿ ಪರ್ಲ್‌ನ ಒಂದೇ ಸಾಲಿನಲ್ಲಿ ಸಿಗ್ನಲ್ ಅನ್ನು ಡಿಫಾಲ್ಟ್‌ಗೆ ತಂದು ಎಕ್ಸೆಕ್ ಮಾಡಿದರೆ ಅದೇ ಫಲ ಸಿಗುತ್ತದೆ.

ಸ್ಕ್ರಿಪ್ಟ್‌ನಲ್ಲಿ ‘ಸೆಟ್ -ಎಂ’ ಹಾಕಿ ಜಾಬ್ ಕಂಟ್ರೋಲ್ ಆನ್ ಮಾಡಿದರೂ ಇಗ್ನೋರ್ ಹೋಗುತ್ತದೆ, ನಿಜ. ಆದರೆ ಆಗ ಪ್ರತಿ ಹಿನ್ನೆಲೆ ಕೆಲಸವೂ ಬೇರೆ ಪ್ರೊಸೆಸ್ ಗ್ರೂಪ್‌ಗೆ (ಒಟ್ಟಿಗೆ ಸಿಗ್ನಲ್ ಪಡೆಯುವ ಪ್ರೊಸೆಸ್‌ಗಳ ಗುಂಪು) ಹೋಗುತ್ತದೆ, ಟರ್ಮಿನಲ್‌ನ ಕಂಟ್ರೋಲ್-ಸಿ ಅದಕ್ಕೆ ತಲುಪುವುದೇ ಇಲ್ಲ. ಒಂದು ಬಾಗಿಲು ತೆರೆದು ಇನ್ನೊಂದನ್ನು ಮುಚ್ಚಿದ ಹಾಗೆ. ನಾನಂತೂ ಎನ್ವ್ ದಾರಿಯನ್ನೇ ಹಿಡಿಯುತ್ತೇನೆ.

ಖಾಲಿ ಕೋಟ್ ಮಾಡುವ ಅನಾಹುತ

ಬಿಟ್ ಪೇರೆಂಟ್ ಸ್ಕ್ರಿಪ್ಟ್‌ನಲ್ಲೂ ಇದ್ದರೆ ಅಲ್ಲಿ ಯಾರೋ ಟ್ರ್ಯಾಪ್ ಬರೆದಿದ್ದಾರೆ. ನೋಡಿ:

ಟ್ರ್ಯಾಪ್ '' ಇಂಟ್
ಟ್ರ್ಯಾಪ್ ':' ಇಂಟ್

ನೋಡಲು ಎರಡೂ ಒಂದೇ ಥರ, ‘ಕಂಟ್ರೋಲ್-ಸಿ ಬಂದರೆ ಏನೂ ಮಾಡಬೇಡ’. ಆದರೆ ಮೊದಲನೆಯದು ಸಿಗ್ನಲ್ ಅನ್ನು ಇಗ್ನೋರ್ ಮಾಡುತ್ತದೆ, ಅದು ಎಲ್ಲ ಚೈಲ್ಡ್‌ಗಳಿಗೂ ಇಳಿಯುತ್ತದೆ. ಎರಡನೆಯದು ಏನೂ ಮಾಡದ ಹ್ಯಾಂಡ್ಲರ್ ಒಂದನ್ನು ಇಡುತ್ತದೆ, ಎಕ್ಸೆಕ್ ಆದಾಗ ಅದು ಡಿಫಾಲ್ಟ್‌ಗೆ ಮರಳುತ್ತದೆ, ಚೈಲ್ಡ್ ಎಂದಿನಂತೆ ಸಾಯುತ್ತದೆ. ಸ್ಕ್ರಿಪ್ಟ್ ಉಳಿಯಲಿ, ಒಳಗಿನ ಕಮಾಂಡ್ ಮಾತ್ರ ನಿಲ್ಲಲಿ ಅಂತಿದ್ದರೆ ಎರಡನೆಯದು. ಡೇಟಾಬೇಸ್ ಬರೆಯುವ ನಡುವೆ ಯಾರೂ ಯಾವುದನ್ನೂ ನಿಲ್ಲಿಸಬಾರದು ಅಂತಿದ್ದರೆ ಮೊದಲನೆಯದು, ಅದೂ ಆ ಭಾಗಕ್ಕಷ್ಟೇ. ಕೋಡ್ ರಿವ್ಯೂ ಮಾಡುವಾಗ ಖಾಲಿ ಕೋಟ್ ಕಂಡರೆ ‘ಚೈಲ್ಡ್‌ಗೂ ಇದು ಬೇಕಾ?’ ಅಂತ ಕೇಳಲೇಬೇಕು.

ರ‍್ಯಾಪರ್ ಸತ್ತಿತು, ಒಳಗಿನದು ಉಳಿಯಿತು

ಕಂಟ್ರೋಲ್-ಸಿ ಒತ್ತಿದರೆ ಎಲ್ಲ ನಿಲ್ಲುತ್ತದೆ, ಆದರೆ ಕಿಲ್ ಕಳಿಸಿದರೆ ಚೈಲ್ಡ್ ಉಳಿಯುತ್ತದೆ. ಇದು ಬೇರೆ ಕಾಯಿಲೆ. ಇಲ್ಲಿ ಮಾಸ್ಕ್‌ಗಳೆಲ್ಲ 0 ಇರಬಹುದು. ಕಂಟ್ರೋಲ್-ಸಿ ಒತ್ತಿದಾಗ ಟರ್ಮಿನಲ್ ಡ್ರೈವರ್ ಸಿಗ್‌ಇಂಟ್ ಅನ್ನು ಮುನ್ನೆಲೆಯಲ್ಲಿರುವ ಇಡೀ ಪ್ರೊಸೆಸ್ ಗ್ರೂಪ್‌ಗೆ ಕಳಿಸುತ್ತದೆ, ಸ್ಕ್ರಿಪ್ಟ್‌ಗೂ ಬರುತ್ತದೆ, ಚೈಲ್ಡ್‌ಗೂ ಬರುತ್ತದೆ. ಕಿಲ್ ಮಾತ್ರ ನೀವು ಹೇಳಿದ ಒಂದೇ ಪಿಐಡಿಗೆ ಹೋಗುತ್ತದೆ. ಬ್ಯಾಷ್ ಸಾಯುತ್ತದೆ, ಚೈಲ್ಡ್‌ಗೆ ಸುದ್ದಿಯೇ ತಲುಪುವುದಿಲ್ಲ, ಅದರ ಪೇರೆಂಟ್ ಐಡಿ 1 ಅಥವಾ ಯಾವುದೋ ಸಬ್‌ರೀಪರ್ (ಅನಾಥ ಪ್ರೊಸೆಸ್‌ಗಳನ್ನು ದತ್ತು ಪಡೆಯುವ ಪ್ರೊಸೆಸ್) ಆಗಿ ಬದಲಾಗುತ್ತದೆ.

ರ‍್ಯಾಪರ್‌ನಲ್ಲಿ ಕೊನೆಯ ಕೆಲಸ ಆ ಪ್ರೋಗ್ರಾಂ ಓಡಿಸುವುದೇ ಆಗಿದ್ದರೆ ಮುಂದೆ ಎಕ್ಸೆಕ್ ಅಂತ ಒಂದು ಪದ ಸೇರಿಸಿ. ಮುಗಿಯಿತು. ಶೆಲ್ ಜಾಗದಲ್ಲೇ ಪ್ರೋಗ್ರಾಂ ಬಂದು ಕೂರುತ್ತದೆ, ಪಿಐಡಿ ಒಂದೇ, ಸಿಗ್ನಲ್ ನೇರ ತಲುಪುತ್ತದೆ. ಹತ್ತರಲ್ಲಿ ಎಂಟು ರ‍್ಯಾಪರ್‌ಗಳಿಗೆ ಇಷ್ಟೇ ಸಾಕು ಅನ್ನುವುದು ನನ್ನ ಅನಿಸಿಕೆ, ಆದರೂ ಜನ ಇದನ್ನು ಬಿಟ್ಟು ದೊಡ್ಡ ದೊಡ್ಡ ಟ್ರ್ಯಾಪ್ ಬರೆಯುತ್ತಾರೆ.

ಪ್ರೋಗ್ರಾಂ ಮುಗಿದ ಮೇಲೂ ಸ್ಕ್ರಿಪ್ಟ್‌ಗೆ ಕೆಲಸ ಇದೆ, ಟೆಂಪ್ ಫೈಲ್ ಅಳಿಸಬೇಕು ಅಂತಾದರೆ ಟ್ರ್ಯಾಪ್ ಬೇಕು. ಆದರೆ ಬ್ಯಾಷ್ ಮುನ್ನೆಲೆಯ ಕಮಾಂಡ್ ಮುಗಿಯುವ ತನಕ ಟ್ರ್ಯಾಪ್ ಓಡಿಸುವುದಿಲ್ಲ. ಮೂರು ಗಂಟೆ ಓಡುವ ಕಮಾಂಡ್ ಆದರೆ ನಿಮ್ಮ ಟ್ರ್ಯಾಪ್ ಮೂರು ಗಂಟೆ ಕಾಯುತ್ತದೆ. ಆದ್ದರಿಂದ ಕಮಾಂಡ್ ಅನ್ನು ಹಿನ್ನೆಲೆಗೆ ಹಾಕಿ ವೈಟ್‌ನಲ್ಲಿ ಕೂರಬೇಕು, ಟ್ರ್ಯಾಪ್ ಇರುವ ಸಿಗ್ನಲ್ ಬಂದರೆ ವೈಟ್ ತಕ್ಷಣ ಎದ್ದು ಬರುತ್ತದೆ:

ಟ್ರ್ಯಾಪ್ 'ಕಿಲ್ -ಟರ್ಮ್ "$ಮಗು"' ಟರ್ಮ್ ಇಂಟ್
ಎನ್ವ್ --ಡಿಫಾಲ್ಟ್-ಸಿಗ್ನಲ್=ಇಂಟ್,ಕ್ವಿಟ್ ./ಕೆಲಸ &
ಮಗು=$!
ವೈಟ್ "$ಮಗು"

ಎನ್ವ್ ಇಲ್ಲಿ ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ವಾ? ಈ ಪರಿಹಾರಕ್ಕೆ & ಬೇಕು, & ಬಂದ ತಕ್ಷಣ ಮೊದಲಿನ ಕಾಯಿಲೆ ಹಿಂಬಾಲಿಸುತ್ತದೆ. ಎನ್ವ್ ಬಿಟ್ಟು ಉಳಿದದ್ದನ್ನಷ್ಟೇ ನಕಲು ಮಾಡಿಕೊಂಡ ಸ್ಕ್ರಿಪ್ಟ್‌ಗಳು ಎಲ್ಲೆಲ್ಲೂ ಇವೆ. ಟ್ರ್ಯಾಪ್ ಓಡಿ ವೈಟ್ ಅರ್ಧಕ್ಕೆ ಎದ್ದಿದ್ದರೆ ಅದು 128ಕ್ಕಿಂತ ದೊಡ್ಡ ಸಂಖ್ಯೆ ಕೊಡುತ್ತದೆ, ಆದರೆ ಚೈಲ್ಡ್ ಇನ್ನೂ ಸಾಯುತ್ತಾ ಇರಬಹುದು. ಆಗ ಇನ್ನೊಮ್ಮೆ ವೈಟ್ ಮಾಡಿಯೇ ಟೆಂಪ್ ಫೈಲ್ ಅಳಿಸಿ, ಇಲ್ಲದಿದ್ದರೆ ಅದು ಬರೆಯುತ್ತಿರುವ ಫೈಲ್ ಅನ್ನೇ ಕಿತ್ತುಕೊಂಡ ಹಾಗಾಗುತ್ತದೆ. ಹಿನ್ನೆಲೆ ಕಮಾಂಡ್‌ನ ಸ್ಟ್ಯಾಂಡರ್ಡ್ ಇನ್‌ಪುಟ್ ಡೆವ್-ನಲ್‌ಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ. ಪ್ರೋಗ್ರಾಂ ಇನ್‌ಪುಟ್ ಓದುವಂಥದ್ದಾದರೆ ಅದನ್ನು ಕೈಯಾರೆ ಜೋಡಿಸಬೇಕು.

ಚೈಲ್ಡ್ ತಾನೂ ಮಕ್ಕಳನ್ನು ಹೆತ್ತಿದ್ದರೆ ಒಂದು ಪಿಐಡಿಗೆ ಕಳಿಸಿದ ಕಿಲ್ ಸಾಲದು. ಸೆಟ್‌ಸಿಡ್ ಮೂಲಕ ಬೇರೆ ಸೆಷನ್‌ನಲ್ಲಿ ಓಡಿಸಿ, ಗ್ರೂಪ್ ಐಡಿಯ ಎಡಕ್ಕೆ ಮೈನಸ್ ಹಾಕಿ ಕಿಲ್ ಕಳಿಸಿದರೆ ಇಡೀ ಗುಂಪಿಗೆ ಹೋಗುತ್ತದೆ. ರ‍್ಯಾಪರ್‌ಗೇ ಯಾರಾದರೂ ಸಿಗ್‌ಕಿಲ್ ಕೊಟ್ಟರೆ ಮಾತ್ರ ಯಾವ ಟ್ರ್ಯಾಪ್ ಕೂಡ ನೆರವಿಗೆ ಬರುವುದಿಲ್ಲ. ಅದಕ್ಕೆ ಲಿನಕ್ಸ್‌ನಲ್ಲಿ ‘ಸೆಟ್‌ಪ್ರಿವ್ --ಪಿಡೆತ್‌ಸಿಗ್ ಟರ್ಮ್’ ಇದೆ. ಪೇರೆಂಟ್ ಸತ್ತ ಕ್ಷಣ ಕರ್ನಲ್ಲೇ ಚೈಲ್ಡ್‌ಗೆ ಸಿಗ್‌ಟರ್ಮ್ ಕೊಡುತ್ತದೆ. ಮೊಮ್ಮಕ್ಕಳಿಗೆ ಮಾತ್ರ ಇದು ಇಳಿಯುವುದಿಲ್ಲ.

ಕಂಟ್ರೋಲ್-ಸಿ ಒತ್ತಿದರೆ ಲೂಪ್‌ನ ಮುಂದಿನ ಸುತ್ತಿಗೆ ಹೋಗುತ್ತದೆ

ನೂರು ಫೈಲ್‌ಗಳ ಮೇಲೆ ಫಾರ್ ಲೂಪ್ ಓಡುತ್ತಿದೆ, ಕಂಟ್ರೋಲ್-ಸಿ ಒತ್ತಿದರೆ ಈ ಫೈಲ್‌ನ ಕೆಲಸ ನಿಂತು ಮುಂದಿನದು ಶುರುವಾಗುತ್ತದೆ. ನೂರು ಸಲ ಒತ್ತಬೇಕು. ಇಲ್ಲಿ ಮಾತ್ರ ತಪ್ಪು ಒಳಗಿನ ಪ್ರೋಗ್ರಾಮಿನದೇ. ಬ್ಯಾಷ್‌ಗೂ ಸಿಗ್‌ಇಂಟ್ ಬಂದಿರುತ್ತದೆ, ಆದರೆ ಅದು ತಕ್ಷಣ ಸಾಯುವುದಿಲ್ಲ, ಚೈಲ್ಡ್ ಏನು ಮಾಡಿತು ಅಂತ ಕಾದು ನೋಡುತ್ತದೆ. ಚೈಲ್ಡ್ ಸಿಗ್‌ಇಂಟ್‌ನಿಂದಲೇ ಸತ್ತಿದ್ದರೆ ತಾನೂ ಸಾಯುತ್ತದೆ. ಚೈಲ್ಡ್ ಸಿಗ್ನಲ್ ಹಿಡಿದು, ತಾನೇ ಎಕ್ಸಿಟ್ ಮಾಡಿ ಹೊರಟಿದ್ದರೆ ‘ಓಹೋ, ಇದು ಕಂಟ್ರೋಲ್-ಸಿಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿದೆ’ ಅಂದುಕೊಂಡು ಮುಂದುವರಿಯುತ್ತದೆ. ಎಡಿಟರ್‌ಗಳಂಥ ಪ್ರೋಗ್ರಾಂಗಳಿಗೆ ಈ ನಡೆ ಬೇಕೇಬೇಕು.

130 ಕೋಡ್ ಕೊಟ್ಟು ಎಕ್ಸಿಟ್ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಸಿಗ್ನಲ್‌ನಿಂದ ಸತ್ತ ಪ್ರೊಸೆಸ್‌ಗೆ ಶೆಲ್ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ತೋರಿಸುತ್ತದೆ ಅಷ್ಟೇ, ಸಿಗ್‌ಇಂಟ್‌ಗೆ 130, ಸಿಗ್‌ಪೈಪ್‌ಗೆ 141, ಸಿಗ್‌ಟರ್ಮ್‌ಗೆ 143. ಕರ್ನಲ್ ವೈಟ್ ಮೂಲಕ ಕೊಡುವ ಮಾಹಿತಿಯಲ್ಲಿ ‘130 ಹೇಳಿ ಹೋಯಿತು’ ಮತ್ತು ‘ಸಿಗ್‌ಇಂಟ್‌ನಿಂದ ಸತ್ತಿತು’ ಬೇರೆ ಬೇರೆ. ಸರಿಯಾದ ದಾರಿ: ಹ್ಯಾಂಡ್ಲರ್‌ನಲ್ಲಿ ಸ್ವಚ್ಛ ಮಾಡುವುದನ್ನೆಲ್ಲ ಮಾಡಿ, ಸಿಗ್‌ಇಂಟ್ ಅನ್ನು ಡಿಫಾಲ್ಟ್‌ಗೆ ತಂದು, ತನಗೆ ತಾನೇ ಸಿಗ್‌ಇಂಟ್ ಕಳಿಸಿಕೊಳ್ಳುವುದು. ಶೆಲ್ ಸ್ಕ್ರಿಪ್ಟ್ ಆದರೂ ಅದೇ: ‘ಟ್ರ್ಯಾಪ್ - ಇಂಟ್, ಕಿಲ್ -ಇಂಟ್ $$’. ಪ್ರೋಗ್ರಾಂ ನಿಮ್ಮದಲ್ಲ, ತಿದ್ದಲು ಆಗದು ಅಂದರೆ ಲೂಪ್ ಇರುವ ಸ್ಕ್ರಿಪ್ಟ್‌ನಲ್ಲಿ ಸಿಗ್‌ಇಂಟ್‌ಗೆ ಟ್ರ್ಯಾಪ್ ಹಾಕಿ ಅದರಲ್ಲೇ ಈ ಎರಡು ಹೆಜ್ಜೆ ಇಡಿ.

ಸರ್ವಿಸ್‌ನಲ್ಲಿ ಮಾತ್ರ ಬರುವ ‘ಬ್ರೋಕನ್ ಪೈಪ್’

ಪೈಪ್‌ಲೈನ್‌ನಲ್ಲಿ ಹೆಡ್ ಕಮಾಂಡ್ ತನಗೆ ಬೇಕಾದಷ್ಟು ಸಾಲು ಓದಿ ಹೊರಟುಹೋದರೆ, ಬರೆಯುತ್ತಿರುವವರಿಗೆ ಸಿಗ್‌ಪೈಪ್ ಬಂದು ಸದ್ದಿಲ್ಲದೆ ಸಾಯುವುದು ವಾಡಿಕೆ. ಸಿಗ್‌ಪೈಪ್ ಇಗ್ನೋರ್ ಆಗಿದ್ದರೆ ಸಾಯುವುದಿಲ್ಲ, ರೈಟ್ ವಿಫಲವಾಗಿ ಎರರ್ ಬರುತ್ತದೆ. ಒಳ್ಳೆಯ ಪ್ರೋಗ್ರಾಂ ಆದರೆ ಮೆಸೇಜ್ ಬರೆದು ನಿಲ್ಲುತ್ತದೆ. ರೈಟ್‌ನ ಫಲಿತಾಂಶವನ್ನೇ ನೋಡದ ಪ್ರೋಗ್ರಾಂ ಆದರೆ ಯಾರೂ ಓದದ ಪೈಪ್‌ಗೆ ಬರೆಯುತ್ತಾ ಸಿಪಿಯು ತಿನ್ನುತ್ತಾ ಕೂರುತ್ತದೆ.

ಲಿನಕ್ಸ್‌ನ ಸರ್ವಿಸ್ ಮ್ಯಾನೇಜರ್ ಸಿಸ್ಟಂ-ಡಿಯಲ್ಲಿ ‘ಇಗ್ನೋರ್‌ಸಿಗ್‌ಪೈಪ್’ ಅನ್ನುವ ಸೆಟ್ಟಿಂಗ್ ಇದೆ, ಅದು ಡಿಫಾಲ್ಟ್ ಆಗಿಯೇ ಆನ್. ಟರ್ಮಿನಲ್‌ಗೂ ಸರ್ವಿಸ್‌ಗೂ ಇರುವ ವ್ಯತ್ಯಾಸ ಅಲ್ಲಿಂದ ಬರುತ್ತದೆ. ಶೆಲ್ ಪೈಪ್‌ಲೈನ್ ಓಡಿಸುವ ಯೂನಿಟ್ ಆದರೆ ಅದನ್ನು ‘ನೋ’ ಮಾಡಿ. ಪೈಥಾನ್ ಕೂಡ ಶುರುವಾಗುವಾಗ ಸಿಗ್‌ಪೈಪ್ ಅನ್ನು ಇಗ್ನೋರ್ ಮಾಡಿಕೊಳ್ಳುತ್ತದೆ. ಸಬ್‌ಪ್ರೊಸೆಸ್ ಮಾಡ್ಯೂಲ್ 3.2 ಆವೃತ್ತಿಯಿಂದ ಚೈಲ್ಡ್‌ನಲ್ಲಿ ಅದನ್ನು ತಾನಾಗಿ ಡಿಫಾಲ್ಟ್‌ಗೆ ತರುತ್ತದೆ, ಆದರೆ ಓಎಸ್-ಸಿಸ್ಟಂ ಕರೆ ತರುವುದಿಲ್ಲ. ಅದರ ಮೂಲಕ ಗ್ರೆಪ್ ಓಡಿಸಿ ಪ್ರೋಕ್ ಸೆಲ್ಫ್ ಸ್ಟೇಟಸ್ ನೋಡಿದರೆ ಇಗ್ನೋರ್ ಸಾಲಿನಲ್ಲಿ 1001000 ಸಿಗುತ್ತದೆ: 13ನೆಯದು ಸಿಗ್‌ಪೈಪ್, 25ನೆಯದು ಫೈಲ್ ಗಾತ್ರದ ಮಿತಿಯ ಸಿಗ್ನಲ್. ಲಾಗ್‌ನಲ್ಲಿ ಈ ಸಂಖ್ಯೆ ಕಂಡರೆ ವಂಶದಲ್ಲಿ ಎಲ್ಲೋ ಪೈಥಾನ್ ಇದೆ ಅಂತ ತಿಳಿಯಿರಿ.

ಸಿಗ್‌ಚೈಲ್ಡ್ ಇಗ್ನೋರ್ ಆಗಿ ಇಳಿದರೂ ಇಂಥದೇ ವಿಚಿತ್ರ. ಚೈಲ್ಡ್ ಸತ್ತಾಗ ಕರ್ನಲ್ಲೇ ಗುಡಿಸಿಬಿಡುತ್ತದೆ, ಪೇರೆಂಟ್ ವೈಟ್ ಮಾಡಿದರೆ ‘ನೋ ಚೈಲ್ಡ್ ಪ್ರೊಸೆಸಸ್’ ಎರರ್ ಬರುತ್ತದೆ. ಕಮಾಂಡ್ ಸರಿಯಾಗಿ ಓಡಿದರೂ ವಿಫಲ ಅಂತ ವರದಿಯಾಗುತ್ತಿದ್ದರೆ 10000 ಬಿಟ್ ನೋಡಿ.

ಇಗ್ನೋರ್ ಸಾಲು ಸ್ವಚ್ಛ, ಆದರೂ ನಿಲ್ಲುವುದಿಲ್ಲ

ಆಗ ಬ್ಲಾಕ್ ಸಾಲು. ಸಿಗ್‌ಟರ್ಮ್ ಕಳಿಸಿದ ಮೇಲೆ ಬ್ಲಾಕ್ ಸಾಲಿನಲ್ಲೂ 4000, ಪ್ರೊಸೆಸ್‌ಗೆ ಬಾಕಿ ಇರುವ ಸಿಗ್ನಲ್‌ಗಳ ಸಾಲಿನಲ್ಲೂ 4000 ಇದ್ದರೆ ಸಿಗ್ನಲ್ ಬಾಗಿಲಲ್ಲಿ ಕಾಯುತ್ತಿದೆ, ಒಳಗೆ ಬಿಡುವವರಿಲ್ಲ. ಸಾಮಾನ್ಯ ಕಾರಣ ಇದು: ಪೇರೆಂಟ್ ಪ್ರೋಗ್ರಾಂ ಸಿಗ್ನಲ್‌ಎಫ್‌ಡಿ ಅಥವಾ ಸಿಗ್‌ವೈಟ್ (ಸಿಗ್ನಲ್‌ಗಾಗಿ ಕಾದು ಓದಿಕೊಳ್ಳುವ ಕರೆಗಳು) ಬಳಸುತ್ತದೆ, ಅದಕ್ಕೆ ಸಿಗ್ನಲ್‌ಗಳನ್ನು ಮೊದಲು ಬ್ಲಾಕ್ ಮಾಡಲೇಬೇಕು, ಆಮೇಲೆ ಚೈಲ್ಡ್ ಹುಟ್ಟಿಸುವಾಗ ಮಾಸ್ಕ್ ಬಿಡಿಸುವುದನ್ನು ಬರೆದವರು ಮರೆತಿದ್ದಾರೆ. ಶೆಲ್‌ನಿಂದ ಮಾಸ್ಕ್ ಬದಲಾಯಿಸಲು ಆಗದು, ಟ್ರ್ಯಾಪ್‌ಗೆ ಅದು ಕಾಣುವುದೇ ಇಲ್ಲ. ತಾತ್ಕಾಲಿಕವಾಗಿ ಅದೇ ಎನ್ವ್ --ಡಿಫಾಲ್ಟ್-ಸಿಗ್ನಲ್ ನೆರವಾಗುತ್ತದೆ.

ಕಮಾಂಡ್ ಓಡಿಸುವ ಟೂಲ್ ನೀವೇ ಬರೆಯುತ್ತಿದ್ದರೆ ಇದು ನಿಮ್ಮ ಹೊಣೆ. ಫೋರ್ಕ್ ಮತ್ತು ಎಕ್ಸೆಕ್ ನಡುವೆ, ನೀವು ಬದಲಾಯಿಸಿದ ಸಿಗ್ನಲ್‌ಗಳನ್ನು ಮೊದಲು ಡಿಫಾಲ್ಟ್‌ಗೆ ತನ್ನಿ, ಆಮೇಲೆ ಮಾಸ್ಕ್ ಹಿಂದಿನಂತೆ ಮಾಡಿ. ಕ್ರಮ ತಿರುಗಿದರೆ, ಬಾಕಿ ಇದ್ದ ಸಿಗ್ನಲ್ ಮಾಸ್ಕ್ ಬಿಟ್ಟ ಕ್ಷಣವೇ ಬಂದು ಪೇರೆಂಟ್‌ನ ಹ್ಯಾಂಡ್ಲರ್ ಚೈಲ್ಡ್ ಒಳಗೆ ಓಡಿಬಿಡಬಹುದು. ಪೋಸಿಕ್ಸ್ ಸ್ಪಾನ್ ಬಳಸುವವರಿಗೆ ಇವೆರಡಕ್ಕೂ ಸಿದ್ಧ ಆಯ್ಕೆಗಳಿವೆ. ಆದರೆ ಎಲ್ಲ ಸಿಗ್ನಲ್‌ಗಳನ್ನೂ ಒಂದೇ ಏಟಿಗೆ ಡಿಫಾಲ್ಟ್ ಮಾಡಬೇಡಿ. ಬಳಕೆದಾರ ನಿಮ್ಮ ಟೂಲ್ ಅನ್ನು ನೋಹಪ್ ಹಾಕಿ ಓಡಿಸಿದ್ದರೆ ಸಿಗ್‌ಹಪ್ ಇಗ್ನೋರ್ ಆಗಿರುವುದು ಅವರ ಇಚ್ಛೆ. ಅದನ್ನು ಅಳಿಸಿದರೆ ಟರ್ಮಿನಲ್ ಮುಚ್ಚಿದಾಗ ಅವರ ರಾತ್ರಿಯ ಕೆಲಸ ಹೋಗುತ್ತದೆ. ನೀವು ಮುಟ್ಟಿದ್ದನ್ನು ಮಾತ್ರ ಹಿಂದಿರುಗಿಸಿ.

ಟೈಮ್‌ಔಟ್ ಮತ್ತು ಪಿಐಡಿ 1

ಟೈಮ್‌ಔಟ್ ಕಮಾಂಡ್ ತನಗೇ ಒಂದು ಹಿನ್ನೆಲೆ ಪ್ರೊಸೆಸ್ ಗ್ರೂಪ್ ಮಾಡಿಕೊಳ್ಳುತ್ತದೆ. ಸಮಯ ಮುಗಿದಾಗ ಮೊಮ್ಮಕ್ಕಳಿಗೂ ಸಿಗ್ನಲ್ ತಲುಪಲಿ ಅನ್ನುವುದಕ್ಕೆ. ಸ್ಕ್ರಿಪ್ಟ್ ಒಳಗೆ ಟೈಮ್‌ಔಟ್ ಹಾಕಿದ ಕಮಾಂಡ್ ಕಂಟ್ರೋಲ್-ಸಿಗೆ ಬಗ್ಗದಿದ್ದರೆ ಅಥವಾ ಟರ್ಮಿನಲ್‌ನಿಂದ ಓದಲು ಹೋಗಿ ‘ಟಿ’ ಸ್ಥಿತಿಯಲ್ಲಿ ನಿಂತರೆ --ಫೋರ್‌ಗ್ರೌಂಡ್ ಸೇರಿಸಿ. ಆಗ ಮೊಮ್ಮಕ್ಕಳಿಗೆ ಸಮಯದ ಮಿತಿ ಅನ್ವಯಿಸುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸಮಯ ಮೀರಿದರೆ ಕೋಡ್ 124. ಸಿಗ್‌ಟರ್ಮ್‌ಗೆ ಜಗ್ಗದ ಪ್ರೋಗ್ರಾಂಗೆ -ಕೆ ಹಾಕಿ ಸಿಗ್‌ಕಿಲ್‌ಗೂ ಗಡುವು ಕೊಟ್ಟರೆ, ಅಲ್ಲಿಗೆ ತಲುಪಿದಾಗ 137.

ಕಂಟೈನರ್ ಒಳಗೆ ನಿಮ್ಮ ಪ್ರೋಗ್ರಾಂ ಪಿಐಡಿ 1 ಆಗಿದ್ದರೆ ನಿಯಮವೇ ಬೇರೆ. ಕಂಟೈನರ್‌ನ ಹೊರಗಿನಿಂದ ಬರುವ ಸಿಗ್‌ಕಿಲ್ ಮತ್ತು ಸಿಗ್‌ಸ್ಟಾಪ್ ಬಿಟ್ಟರೆ, ಹ್ಯಾಂಡ್ಲರ್ ಇಲ್ಲದ ಸಿಗ್ನಲ್ ಅನ್ನು ಕರ್ನಲ್ ಪಿಐಡಿ 1ಕ್ಕೆ ತಲುಪಿಸುವುದೇ ಇಲ್ಲ. ಮಾಸ್ಕ್‌ಗಳೆಲ್ಲ 0, ಆದರೂ ಸಿಗ್‌ಟರ್ಮ್ ನಾಟುವುದಿಲ್ಲ. ಡಾಕರ್ ಸ್ಟಾಪ್ 10 ಸೆಕೆಂಡ್ ಸುಮ್ನೆ ಕಾದು ಆಮೇಲೆ ಸಿಗ್‌ಕಿಲ್ ಕೊಡುತ್ತಿದ್ದರೆ, ಕೋಡ್ 137 ಬರುತ್ತಿದ್ದರೆ, ಇದೇ ಕಾರಣ ಅಥವಾ ಪಿಐಡಿ 1 ಒಂದು ಶೆಲ್ ಆಗಿದ್ದು ಸಿಗ್ನಲ್ ಮುಂದೆ ದಾಟಿಸುತ್ತಿಲ್ಲ. --ಇನಿಟ್ ಆಯ್ಕೆ ಹಾಕಿ ಓಡಿಸಿದರೆ ಪುಟ್ಟ ಇನಿಟ್ ಒಂದು ಪಿಐಡಿ 1 ಆಗಿ ಕೂತು ಸಿಗ್ನಲ್ ದಾಟಿಸುತ್ತದೆ, ಝಾಂಬಿಗಳನ್ನೂ ಗುಡಿಸುತ್ತದೆ.

ಸಿಗ್ನಲ್ ಕಳಿಸಿದವರು ಯಾರು

ಕೆಲವು ಸಲ ದೂರು ತಿರುಗುಮುರುಗು: ಯಾರೂ ಏನೂ ಮಾಡಲಿಲ್ಲ, ಪ್ರೊಸೆಸ್ ತಾನಾಗಿ 143 ಕೊಟ್ಟು ಸತ್ತಿತು. ಸ್ಟ್ರೇಸ್ (ಪ್ರೊಸೆಸ್ ಮಾಡುವ ಕರ್ನಲ್ ಕರೆಗಳನ್ನು ತೋರಿಸುವ ಟೂಲ್) ಅನ್ನು -ಎಫ್ ಹಾಕಿ, ಸಿಗ್ನಲ್ ಸಂಬಂಧಿ ಕರೆಗಳಿಗೆ ಸೀಮಿತ ಮಾಡಿ ಆ ಪಿಐಡಿಗೆ ಅಂಟಿಸಿ. ಸಿಗ್ನಲ್ ಬಂದಾಗ ಮೂರು ಗೆರೆಗಳ ನಡುವೆ ಒಂದು ಸಾಲು ಬರುತ್ತದೆ. ಅದರಲ್ಲಿ ‘ಎಸ್‌ಐ-ಯೂಸರ್’ ಇದ್ದರೆ ಯಾವುದೋ ಪ್ರೊಸೆಸ್ ಕಿಲ್ ಕರೆದಿದೆ, ಪಕ್ಕದಲ್ಲೇ ಅದರ ಪಿಐಡಿ ಮತ್ತು ಬಳಕೆದಾರನ ಸಂಖ್ಯೆ ಇರುತ್ತವೆ. ‘ಎಸ್‌ಐ-ಕರ್ನಲ್’ ಇದ್ದರೆ ಕರ್ನಲ್ ಕಳಿಸಿದ್ದು, ಕಂಟ್ರೋಲ್-ಸಿ ಹಾಗೆಯೇ ಕಾಣಿಸುತ್ತದೆ. ಕಳಿಸಿದ ಪ್ರೊಸೆಸ್ ಆ ಹೊತ್ತಿಗೆ ಮುಗಿದುಹೋಗಿರಬಹುದು, ಆದ್ದರಿಂದ ಸ್ಟ್ರೇಸ್ ಜೊತೆಗೆ ಇನ್ನೊಂದು ಕಿಟಕಿಯಲ್ಲಿ ಪಿಎಸ್ ಅನ್ನು ಸೆಕೆಂಡಿಗೊಮ್ಮೆ ಫೈಲ್‌ಗೆ ಬರೆಸುತ್ತಿರಿ, ಆ ಪಿಐಡಿ ಯಾರದ್ದು ಅಂತ ಆಮೇಲೆ ಅದರಲ್ಲಿ ಹುಡುಕಬಹುದು. ತೀರಾ ಚುಟುಕಾಗಿ ಬದುಕಿ ಸತ್ತ ಪ್ರೊಸೆಸ್ ಆದರೆ ಅದರಲ್ಲೂ ಸಿಗದಿರಬಹುದು, ಆಗ ಅನುಮಾನ ಇರುವ ಪೇರೆಂಟ್‌ಗೇ ಸ್ಟ್ರೇಸ್ -ಎಫ್ ಅಂಟಿಸಿ ಕಿಲ್ ಕರೆಗಳನ್ನಷ್ಟೇ ಹಿಡಿಯಿರಿ.